ಬಚ್ಚಲ ಒಲೆಗೆ ಹೋದ ತರಗೆಲೆ

೧೩-೨-೨೦೦೫, ಆದಿತ್ಯವಾರ

ನಿದ್ದೆ ಬರುವುದಿಲ್ಲ. ತಾರಸಿ ತೋಟ ಕಲಿಯುವ ನಮ್ಮ ಗುಂಪಿನವರು ಕಳೆದ ವಾರ ಇಲ್ಲಿಗೆ ಬಂದು, ಬದನೆ ಸಸಿಗಳ ಬುಡದ ಮಣ್ಣು ಒಣಗದಿರಲೆಂದು ತರಗೆಲೆ, ತೆಂಗಿನ ಸಿಪ್ಪೆ ಹೊದಿಸಿ ಹೋಗಿದ್ದರು. ಇವತ್ತು ಮಾಮಿ ಅದನ್ನೆಲ್ಲ ಗುಡಿಸಿ ಬಚ್ಚಲ ಒಲೆಗೆ ಹಾಕಿದ್ದಾರೆ.

“ಕಸ ಅಲ್ಲವಾ ಮಗಳೇ? ಮಗುವಿನ ಸ್ನಾನಕ್ಕೆ ನೀರು ಕಾಯಿಸಿದೆ.”

ಅತ್ತುಬಿಟ್ಟೆ. ಅವರು ಹೆದರಿ, ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿರುವ ಮಗನಿಗೆ ಫೋನ್ ಮಾಡಿದರು.

“ಕಸಕ್ಕೆ ಯಾರಾದರೂ ಅಳುವುದುಂಟಾ? ಆ ಗುಂಪು ಸಾಕು ಇನ್ನು,” ಎಂದರು ನನ್ನ ಗಂಡ, ಫೋನಿನಲ್ಲಿ.

ಸರಿ ಎಂದೆ. ಯಾಕೆ ಹಾಗೆಂದೆನೋ. ಈ ಮನೆಯಲ್ಲಿ ಎಲ್ಲರಿಗೂ ನಾನು ಮಗು ಉನೈಸನ ಉಮ್ಮ. ಆ ಗುಂಪಿನಲ್ಲಿ ಮಾತ್ರ ಅನ್ನಪೂರ್ಣೇಶ್ವರಿ ಟೀಚರ್, “ಉಝ್ಮಾ, ಮಣ್ಣಿಗೆ ಕೈ ಹಾಕು ಮಾರಾಯ್ತಿ!” ಎಂದು ಕೂಗುತ್ತಿದ್ದರು. ಮುಂದಿನ ಆದಿತ್ಯವಾರ ಎಲ್ಲರೂ ಅವರ ತಾರಸಿಯಲ್ಲಿ ಸೇರುತ್ತಾರೆ. ಆ ಹೊತ್ತಿಗೆ ನಾನಿಲ್ಲಿ ಬಟ್ಟೆ ಒಣಗಿಸುತ್ತಾ ಇರುತ್ತೇನೆ, ಬರೀ ಉನೈಸನ ಉಮ್ಮನಾಗಿ.