ಕಡೆಯ ಕಾಸಿನವರೆಗೆ

ವಿಲ್ನಿಯಸ್,
ನವೆಂಬರ್ ೯, ೨೦೨೩

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಎಡಗಡೆಯ ದವಡೆ ಹಲ್ಲಿನ ನೋವು ಇಳಿಯಿತೇ? ಉಣ್ಣೆಯ ಕಾಲುಚೀಲ ಕೈಸೇರಿತೇ, ಇಲ್ಲ ಅದನ್ನೂ ಪಕ್ಕದ ಮಂಚದವಳಿಗೆ ಕೊಟ್ಟುಬಿಟ್ಟೆಯಾ? ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ! ನಾನು ಚೆನ್ನಾಗಿದ್ದೇನೆ ಎಂದು ವಾರವಾರವೂ ಬರೆಯುತ್ತೇನಲ್ಲ, ಅದು ಸುಳ್ಳು. ಗಡಿಯಾಚೆ ನಮ್ಮೂರು ಲಿದಾದಲ್ಲಿ, ನೀನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಪೊಲೀಸರು ನಿನ್ನನ್ನು ಬಿಳಿ ಕೋಟಿನಲ್ಲೇ ಹಿಡಿದುಕೊಂಡು ಹೋಗಿ ಆರು ತಿಂಗಳಾಯಿತು. ಅಂದಿನಿಂದ ತಿಂದದ್ದು ಮೈಗೆ ಹತ್ತುತ್ತಿಲ್ಲ. ಆಲೂಗಡ್ಡೆ ತುರಿದು ದ್ರಾನಿಕಿ ದೋಸೆ ಹುಯ್ದುಕೊಂಡರೂ ತಟ್ಟೆಯಲ್ಲೇ ಆರಿಹೋಗುತ್ತದೆ. ಇಲ್ಲಿನ ಹವೆ, ಇಲ್ಲಿನ ಬೆಕ್ಕು ಎಂದು ಬರೆದು ಬರೆದು ಸಾಕಾಗಿದೆ. ಇವತ್ತು ಎದೆಯಲ್ಲಿದ್ದದ್ದನ್ನು ಬರೆಯುತ್ತೇನೆ.

ಈ ತಿಂಗಳ ಇಪ್ಪತ್ತಕ್ಕೆ ನಿನ್ನ ವಿಚಾರಣೆ. ಎಲ್ಲದರ ಸೂತ್ರಧಾರಿಣಿ ನೀನೇ ಎಂದು ಸರ್ಕಾರಿ ವಕೀಲರು ಎಂಟು ವರ್ಷ ಶಿಕ್ಷೆ ಕೇಳುತ್ತಾರಂತೆ. ನಿನಗೀಗಲೇ ಐವತ್ತೊಂಬತ್ತು. ಅಷ್ಟಕ್ಕೂ ನೀನು ಮಾಡಿದ್ದೇನು? ಸರ್ಕಾರದ ವಿರುದ್ಧ ದನಿಯೆತ್ತಿ ಜೈಲಿಗೆ ಹೋದವರ ಮಕ್ಕಳಿಗೆ ಹಾಲು, ಸೋಪು, ಪಾರ್ಸೆಲ್ಲಿನ ಖರ್ಚು ಮುಟ್ಟಿಸಿದ್ದು. ಬ್ಯಾಂಕಿನಲ್ಲಿ ಹಾಕಿದರೆ ಮಾರನೆಯ ದಿನವೇ ಮನೆ ಬಾಗಿಲು ತಟ್ಟುತ್ತಾರೆ ಎಂದು ಕ್ರಿಪ್ಟೊ ನಾಣ್ಯದ ದಾರಿ ಕೇಳಿದೆ. ಕೇಳಿದ್ದು ನನ್ನನ್ನು. ಅದೇ ನನ್ನ ಓದು, ಅದೇ ನನ್ನ ಕೆಲಸ, ಅಮ್ಮನ ಮುಂದೆ ಜಂಬ ಬೇರೆ.

ಫೋನಿನಲ್ಲಿ ಒಂದೊಂದೇ ವಿಧಾನ ತೂಗಿ ನೋಡಿದೆವಲ್ಲ, ನೆನಪಿದೆಯೇ? ಹಲವರ ನಾಣ್ಯ ಒಟ್ಟಿಗೆ ಬೆರೆಸಿ, ಸಮಸಮ ಪಾಲು ಮಾಡಿ ವಾಪಸ್ ಕೊಡುವುದು ಮೊದಲನೆಯದು. ನೀನು ನಕ್ಕುಬಿಟ್ಟೆ. "ಎಲ್ಲರ ಅಣಬೆನೂ ಒಂದೇ ಬುಟ್ಟಿಗೆ ಸುರಿಯೋದಾ? ಯಾವನೋ ಒಬ್ಬ ವಿಷದ್ದು ಹಾಕಿದ್ರೆ ನಾನೂ ವಾಂತಿ ಮಾಡ್ಕೋಬೇಕಾ?" ನಿನ್ನ ಮಾತು ಸರಿಯಿತ್ತು, ಕಳ್ಳರ ನಾಣ್ಯ ಬೆರೆತರೆ ಎಲ್ಲರ ಮೇಲೂ ಗುಮಾನಿ. ಎರಡನೆಯದರಲ್ಲಿ ನಿನ್ನ ಸಹಿಯನ್ನು ಬೇರೆ ಹದಿನೈದು ಜನರ ನಡುವೆ ಸೇರಿಸುತ್ತಾರೆ, ಹಾಕಿದವರು ಯಾರೆಂದು ಹೇಳಲು ಬರುವುದಿಲ್ಲ. "ಅಯ್ಯೋ ಕಾಜಿಕ್, ನಮ್ಮ ಪೊಲೀಸರು ನಿಂಗೆ ಮರೆತೇ ಹೋದ್ರಾ? ಹದಿನಾರು ಜನಾನೂ ವ್ಯಾನಿಗೆ ತುಂಬ್ತಾರೆ ಕಣೋ!" ಮೂರನೆಯದು ಮುಚ್ಚಿದ ಕೊಳ. ಕೊಟ್ಟವರು, ಪಡೆದವರು, ಮೊತ್ತ, ಒಳಗೆ ಯಾವುದೂ ಕಾಣುವುದಿಲ್ಲ. ಲೆಕ್ಕ ಸರಿಯಿದೆ ಎಂಬ ರುಜುವಾತು ಮಾತ್ರ ಹೊರಗೆ ಬರುತ್ತದೆ. "ಇದು ಪಾದ್ರಿ ಹತ್ರ ತಪ್ಪೊಪ್ಪಿಕೊಂಡ ಹಾಗೆ. ಕ್ಷಮೆ ಆಯ್ತು ಅಂತಾನೆ, ಪಾಪ ಏನು ಅಂತ ಬಾಯಿ ಬಿಡಲ್ಲ. ಇದೇ ಇರ್ಲಿ" ಎಂದೆ. ನಾನೂ ಅದನ್ನೇ ಗಟ್ಟಿಮಾಡಿದೆ.

ಆದರೆ ಅಮ್ಮಾ, ಆ ಕೊಳದ ಒಳಗಷ್ಟೇ ಕತ್ತಲು. ಒಳಗಿಳಿಯುವ ಬಾಗಿಲು, ಹೊರಬರುವ ಬಾಗಿಲು ಎರಡೂ ಬಯಲಿನಲ್ಲಿವೆ. ಎಷ್ಟು ಹೋಯಿತು, ಎಷ್ಟು ಬಂತು ಎಂಬುದು ಲೋಕಕ್ಕೆಲ್ಲ ಕಾಣುತ್ತದೆ. ಹಾಗಾಗಿ ಒಳಗೆ ಹಾಕಿ ವಾರಗಟ್ಟಲೆ ಬಿಡಬೇಕು, ತೆಗೆಯುವಾಗ ಚೂರುಚೂರಾಗಿ ತೆಗೆಯಬೇಕು, ಒಂದಿಷ್ಟನ್ನು ಅಲ್ಲೇ ಉಳಿಸಬೇಕು. ನೀನು ಹಾಕಿದ್ದನ್ನು ನಲವತ್ತೇ ನಿಮಿಷದಲ್ಲಿ ಪೂರ್ತಿ ತೆಗೆದೆ, ರವಾನೆ ಖರ್ಚು ಬಿಟ್ಟರೆ ಕಡೆಯ ಅಂಕಿಯವರೆಗೂ ಅಷ್ಟಕ್ಕಷ್ಟೇ. ಸೆರೆಯಲ್ಲಿರುವವರ ಪಾಲು ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಕಳೆಯಬಾರದು, ಗಡಿಪಾರಾದವರಿಗೆ ಸೈಬೀರಿಯಾಕ್ಕೆ ಪಾರ್ಸೆಲ್ ಕಟ್ಟುತ್ತಿದ್ದ ಅಜ್ಜಿಯ ಕಾಲದಿಂದಲೂ ನಮ್ಮಲ್ಲಿ ಹಾಗೇ. ಒಳಹೋದ ನಾಣ್ಯವನ್ನು ಕೊಂಡದ್ದು ನಿನ್ನ ಪಾಸ್‌ಪೋರ್ಟಿನ ಮೇಲೆ, ಹೊರಬಂದದ್ದು ಸೇರಿದ್ದು ಸೆರೆಯಾದವರ ಮನೆಗಳಿಗೆ. ಪೊಲೀಸರು ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿದರು, ಅಷ್ಟೇ. ಅವರಿಗೆ ಬೇರೆ ಯಾವ ಬುದ್ಧಿಯೂ ಬೇಕಾಗಲಿಲ್ಲ. ಬೇರೆ ಯಾರಾದರೂ ನಾಲ್ಕು ಕಾಸು ಮುರಿದುಕೊಂಡಿದ್ದರೆ ಈಗ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಿದ್ದರು. ನಿನ್ನ ಪ್ರಾಮಾಣಿಕತೆಯೇ ನಿನ್ನನ್ನು ಹಿಡಿದುಕೊಟ್ಟಿತು, ಇದನ್ನು ಯಾರ ಮುಂದೆ ಹೇಳಿಕೊಂಡು ಅಳಲಿ?

ಇನ್ನೊಂದು ಮಾತು ಉಳಿದಿದೆ. ಅದನ್ನೂ ಬರೆಯುತ್ತೇನೆ. ಹೇಗೆ ಹಾಕಬೇಕು, ಹೇಗೆ ತೆಗೆಯಬೇಕು ಎಂದು ನಿನಗೆ ಬರೆದು ಕಳಿಸಿದ ಚೀಟಿಯಲ್ಲಿ ಮೊದಲು ಇದೆಲ್ಲ ಇತ್ತು. ಕಾಯಿ, ಒಡೆ, ಉಳಿಸು ಎಂದು ಏಳನೆಯ ಸಾಲಿನಲ್ಲಿ ಬರೆದಿದ್ದೆ. "ನಿನ್ನ ಚೀಟಿ ಮಾತ್ರೆ ಡಬ್ಬಿಯೊಳಗಿನ ಕಾಗದಕ್ಕಿಂತ ಉದ್ದ ಇದೆ, ಅದನ್ನಂತೂ ಯಾರೂ ಓದಲ್ಲ" ಎಂದು ನೀನು ಓದದೆಯೇ ಹಾಸ್ಯ ಮಾಡಿದೆ. ಆ ಸಾಲನ್ನು ಹೊಡೆದುಹಾಕಿ ನಾನು ಗಿಡ್ಡ ಚೀಟಿ ಮತ್ತೆ ಕಳಿಸಿದೆ. ಉಳಿಸು ಎಂದರೆ "ಅದು ಯಾರಪ್ಪನ ದುಡ್ಡು?" ಎಂದು ನನ್ನ ಮೇಲೆ ಹರಿಹಾಯುತ್ತೀಯ ಎಂದೂ ಗೊತ್ತಿತ್ತು. ವಾದ ಮಾಡಲು ಬೇಸರವಾಯಿತು, ಅಮ್ಮಾ. ಅವತ್ತು ನನಗೆ ಊಟಕ್ಕೆ ಹೊತ್ತಾಗಿತ್ತು.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ಬೆಚ್ಚಗಿರು, ಬ್ರೆಡ್ಡನ್ನು ನೀನೇ ತಿನ್ನು, ಎಲ್ಲರಿಗೂ ಹಂಚಬೇಡ. ದೇವಮಾತೆ ನಿನ್ನ ಪಕ್ಕದಲ್ಲಿರಲಿ. ನಿನ್ನ ಕೈಗೆ ಮುತ್ತು.

ನಿನ್ನ ಮಗ,
ಕಾಜಿಮಿರ್ ಸ್ತಾನಿಸ್ಲಾವಾವಿಚ್ ಯುರ್ಗೆಲ್

ವಿ.ಸೂ.: ಈ ಕಾಗದವನ್ನು ನನ್ನ ಪೆಟ್ಟಿಗೆಯ ತಳದಲ್ಲಿ ಬಚ್ಚಿಡೋಣ ಎಂದುಕೊಂಡಿದ್ದೆ. ಇಲ್ಲ, ಜೈಲಿನ ವಿಳಾಸಕ್ಕೇ ಅಂಚೆಗೆ ಹಾಕುತ್ತಿದ್ದೇನೆ. ನಿನಗಿಂತ ಮೊದಲು ಒಡೆದು ಓದುವ ಅಧಿಕಾರಿಗಳೇ, ವಿಧಾನ ಆರಿಸಿದವನು, ಚೀಟಿ ಬರೆದವನು ನಾನು. ನನ್ನ ತಾಯಿಗೆ ಇದರ ತಲೆಬುಡ ಗೊತ್ತಿರಲಿಲ್ಲ. ಪೂರ್ತಿ ಹೆಸರು ಹಾಕಿದ್ದೇನೆ, ಕಡತಕ್ಕೆ ಸೇರಿಸಿ. ಇದರಿಂದ ಒಂದು ವರ್ಷವಾದರೂ ಇಳಿಯುತ್ತದೆಯೋ ಇಲ್ಲವೋ, ಯಾರೂ ಹೇಳುತ್ತಿಲ್ಲ. ಅಮ್ಮಾ, ಇನ್ನು ನಾನು ಆ ಗಡಿ ದಾಟುವಂತಿಲ್ಲ. ನೀನು ಹೊರಬರುವ ದಿನ ಗೇಟಿನ ಹತ್ತಿರ ನನ್ನನ್ನು ಹುಡುಕಬೇಡ.