ರೂತಬಾಯಿ ಮಾಂಜ್ರಾ ದಾಟಿದ್ದು

ಪ್ರೀತಿಯ ಮಾರ್ಗರೆಟ ಅತ್ತೆಗೆ, ಬೀದರಿನಿಂದ ಸುಮಿತನ ವಂದನೆಗಳು.

ಇಷ್ಟು ವರ್ಷ ಬಾಯಿಬಿಡದ ಮಾತೊಂದನ್ನು ಮೊದಲು ಹೇಳಿಬಿಡುತ್ತೇನೆ. ಭಾಲ್ಕಿಯ ನಿಮ್ಮ ಸಂಡೇ ಸ್ಕೂಲಿನಲ್ಲಿ ನಾನು ಒಂದು ದಿನವೂ ನಿದ್ದೆ ಮಾಡಿಲ್ಲ. ಕಣ್ಣು ಮುಚ್ಚಿಕೊಂಡಿರುತ್ತಿದ್ದೆ, ಅಷ್ಟೇ. ತೆರೆದರೆ ನೀವು ಪ್ರಶ್ನೆ ಕೇಳುತ್ತಿದ್ದಿರಿ. "ಇವ ಸಾಲ್ಯಾಗೂ ಮಲಗ್ತಾನ, ಚರ್ಚಿನ್ಯಾಗೂ ಮಲಗ್ತಾನ" ಎಂದು ಅಪ್ಪನಿಗೆ ದೂರನ್ನೂ ಹೇಳಿದ್ದಿರಿ. ಶಾಲೆಯಲ್ಲಿ ಮಲಗುತ್ತಿದ್ದದ್ದು ನಿಜ. ನಿಮ್ಮಲ್ಲಿ ಅಲ್ಲ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಜೆರೋಮ ಅಣ್ಣನ ಬೈಬಲ್ ಅಧ್ಯಯನದ ಆ್ಯಪ್‌ನಲ್ಲಿ ನನ್ನ ಕೆಲಸ ನಿಮಗೆ ಗೊತ್ತು. ಸಂತರ ಹೆಸರು ಒತ್ತಿದರೆ ಅವರ ವಿಷಯ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡುವುದು. ಹಿಂದಿನ ಕಾಲದಲ್ಲಿ ಊರೂರು ನಡೆದು ಸುವಾರ್ತೆ ಓದಿ ಹೇಳುತ್ತಿದ್ದ ನಮ್ಮ ರೂತಬಾಯಿಯನ್ನೂ ಸೇರಿಸೋಣ ಎಂದವನು ನಾನೇ. ನೀವು ವಾಟ್ಸಾಪಿನಲ್ಲಿ ಆಗಾಗ ಹೇಳಿ ಕಳಿಸಿದ್ದನ್ನೆಲ್ಲ ಅಣ್ಣ ಆ ಆ್ಯಪ್‌ಗೆ ಸುರಿದ. ಅದು ಎಲ್ಲವನ್ನೂ ನಾದಿ ಒಂದೇ ಮುದ್ದೆ ಮಾಡಿತು: "ರೂತಬಾಯಿ ತುಂಬಿದ ಮಾಂಜ್ರಾ ನದಿಯನ್ನು ಒಂದೇ ಸಂಜೆ ಎತ್ತಿನ ಗಾಡಿಯಲ್ಲಿ, ಎಮ್ಮೆಯ ಬೆನ್ನೇರಿ, ಕಾಲ್ನಡಿಗೆಯಲ್ಲಿ ದಾಟಿದರು."

ಚರ್ಚಿನಲ್ಲಿ ಇದನ್ನು ಓದಿದಾಗ ಗಿಡಿಯೋನ ಮಾಮ ಎದ್ದು ನಿಂತ. "ಗಾಡಿ ಇತ್ತಂದ್ರ ಎಮ್ಮಿ ಯಾಕ ಹತ್ತಿದಳ್ರಿ? ಎತ್ತಿಗಿ ಈಸಾಕ ಬರ್ತಿದ್ದಿಲ್ಲೇನು?" ಪಾಸ್ಟರ್ ಕೂಡ ಹಾಡಿನ ಪುಸ್ತಕ ಅಡ್ಡ ಹಿಡಿದು ನಕ್ಕರು. ನೀವು ಕೊನೆಯ ಆಶೀರ್ವಾದಕ್ಕೂ ನಿಲ್ಲದೆ ಚಪ್ಪಲಿ ಮೆಟ್ಟಿ ನಡೆದುಬಿಟ್ಟಿರಿ.

ಮರುದಿನ ಜೆರೋಮ ಅಣ್ಣ, "ಒಂದ ಇಡು, ಉಳದದ್ದು ಅಳಸು. ಇಲ್ಲಾಂದ್ರ ರೂತಬಾಯೀನ್ನೇ ತಗದು ಬಿಡ್ತೇನಿ" ಎಂದ. ನಾನು ಆಗುವುದಿಲ್ಲ ಎಂದೆ. ಮೂರನ್ನೂ ಸಂಡೇ ಸ್ಕೂಲಿನಲ್ಲಿ ನೀವೇ ಹೇಳಿದ್ದು ಹೌದಲ್ಲ? ಹಳ್ಳ ಕಂಡರೆ ಅಳುತ್ತಿದ್ದ ಜೆನಿಫರ ಕೂತಿದ್ದ ದಿನ ರೂತಬಾಯಿ ನಡೆದು ದಾಟಿದಳು. ಎಮ್ಮೆ ಕಾಯುತ್ತಾಳೆಂದು ಸಪನಾಳನ್ನು ನಾವೆಲ್ಲ ಆಡಿಕೊಂಡ ವಾರ ಎಮ್ಮೆ ಹತ್ತಿದಳು. ಆಮೇಲೆ ಸಪನಾಳ ಪಕ್ಕ ಕೂರಲು ನಮ್ಮಲ್ಲೇ ಜಗಳ. ಗಾಡಿಯ ಕಥೆ ಅಪ್ಪ ಗಾಡಿ ಮಾರಿ ಮುಖ ಬಾಡಿಸಿಕೊಂಡು ಬಂದ ದಿನದ್ದು. ಕಣ್ಣು ಮುಚ್ಚಿದವನಿಗೆ ಇದೆಲ್ಲ ಚೆನ್ನಾಗಿ ಕಾಣುತ್ತಿತ್ತು.

ಈಗ ಆ್ಯಪ್‌ನಲ್ಲಿ ಮೂರು ಕಥೆಗಳೂ ಬೇರೆ ಬೇರೆ ನಿಂತಿವೆ. ಪ್ರತಿಯೊಂದರ ಕೆಳಗೆ ಹೇಳಿದವರು ಯಾರು, ಯಾರಿಗಾಗಿ ಎಂದು ಬರೆದಿದ್ದೇನೆ. ಉಳಿದ ಸಂತರಿಗೂ ಹೀಗೇ ಮಾಡೋಣ ಎಂದು ಅಣ್ಣನೇ ಈಗ ಹೇಳುತ್ತಿದ್ದಾನೆ, ತನ್ನದೇ ಯೋಚನೆ ಎಂಬಂತೆ. "ನಿಜವಾಗಿ ಹೇಗೆ ದಾಟಿದಳೋ ಗೊತ್ತಿಲ್ಲ" ಎಂದೂ ಬರೆದಿದ್ದೇನೆ. ನಿಮಗೆ ಸಿಟ್ಟು ಬರುತ್ತದೆ. ಆದರೂ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲು ಕೈ ಬರಲಿಲ್ಲ, ಅತ್ತೆ.

ಅಣ್ಣನದು ಒಂದೇ ಷರತ್ತು: ನಿಮ್ಮನ್ನು ಬಿಟ್ಟು ಇನ್ನೊಬ್ಬರ ಬಾಯಲ್ಲೂ ರೂತಬಾಯಿ ಇರಬೇಕು. ಇಲ್ಲದಿದ್ದರೆ ಅವಳು ಆ್ಯಪ್‌ನಿಂದ ಹೊರಗೆ. ನದಿ ದಾಟಿ ಅವಳು ತಂಗಿದ್ದು ಸಂತಪುರದಲ್ಲಿ ಎಂದು ಮೂರೂ ಸಲ ಹೇಳಿದ್ದಿರಿ. ಅದೊಂದು ಮಾತು ಮಾತ್ರ ಎಂದೂ ಬದಲಾಗಲಿಲ್ಲ. ಅಲ್ಲಿಯವರು ದೋಣಿ ಎಂದರೆ ದೋಣಿಯನ್ನೂ ಸೇರಿಸುತ್ತೇನೆ. ಗಿಡಿಯೋನ ಮಾಮ ಮತ್ತೆ ಎದ್ದು ನಿಲ್ಲಲಿ.

ಕರ್ತನು ನಿಮ್ಮ ಮೊಣಕಾಲಿನ ನೋವನ್ನೂ ನನ್ನ ಮೇಲಿನ ಸಿಟ್ಟನ್ನೂ ಒಟ್ಟಿಗೇ ಇಳಿಸಲಿ.

ನಿಮ್ಮ ಅಣ್ಣನ ಮಗ, ಎಚ್ಚರವಿದ್ದ
ಸುಮಿತ

ನಾಳೆ ಬೆಳಿಗ್ಗೆ ಔರಾದ ಬಸ್ಸಿಗೆ ಸಂತಪುರಕ್ಕೆ ಹೊರಡುತ್ತೇನೆ.