ಬಾವಿಯಲ್ಲಿ ಕಾಲು ತೊಳೆಯಬೇಡಿ ಎಂದ ನಿಮಗೆ

ಮಾಸ್ತರರೇ,

ನೀವು ಚಿಂಚೋಳಿಯಲ್ಲಿ ತೀರಿಕೊಂಡು ತಿಂಗಳಾಯಿತು. ಈ ಸಿಟ್ಟನ್ನು ಬೇರೆ ಯಾರಿಗೆ ಬರೆಯಲಿ?

ಚಿತ್ತಾಪುರದಲ್ಲಿ, ಮೆಟ್ರಿಕ್ ತರಗತಿಯಲ್ಲಿ ನಾವು ಕಪ್ಪೆಯ ಚಿತ್ರ ತೆಗೆಯುತ್ತಿದ್ದಾಗ ನೀವು ಪುಸ್ತಕ ಮುಚ್ಚಿಸಿದಿರಿ. ಬೇಸಿಗೆ ಬಂದರೆ ಊರ ಜನರ ಕಾಲಿನ ಹುಣ್ಣಿನಿಂದ ನಾರುಹುಳ ಹೊರಡುತ್ತಿತ್ತು. ಬಿಳಿ ದಾರದಂಥದ್ದನ್ನು ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟು ಎಳೆಯುತ್ತಿದ್ದರು. "ಇದು ಎಲ್ಲಿಂದ ಬರ್ತದ, ನೀವೇ ಹುಡುಕ್ರಿ," ಎಂದಿರಿ. ಮನೆಮನೆ ತಿರುಗಿ ಕೇಳಿದೆವು. ಹಗ್ಗ ಹಾಕಿ ಸೇದುವ ಬಾವಿಯವರಿಗೆ ಹುಣ್ಣಿರಲಿಲ್ಲ. ಹುಣ್ಣಿದ್ದವರೆಲ್ಲ ಗುಡಿಯ ಹಿಂದಿನ ಮೆಟ್ಟಿಲ ಬಾವಿಯವರು.

ಒಂದು ಮುಂಜಾನೆ ಆ ಬಾವಿಯ ಕಟ್ಟೆಯ ಮೇಲೆ ಕೂತು ನೋಡಿದ್ದು ನೆನಪಿದೆಯೇ? ಮಡಿಯುಟ್ಟವರು ಇಳಿದು, ಗಂಗೆಗೆ ಮರ್ಯಾದೆಯೆಂದು, ಅದೇ ನೀರಿನಲ್ಲಿ ಕಾಲು ತೊಳೆದು ಆಮೇಲೆ ಕೊಡ ಮುಳುಗಿಸುತ್ತಿದ್ದರು. ಹುಣ್ಣಿದ್ದವರು ತಂಪಿಗೆಂದು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. "ಸರ, ಕಾಲ ನೋಡ್ರಿ," ಎಂದು ಮೊದಲು ಕೂಗಿದವನು ನಾನು. ಅದು ನನ್ನ ಅವ್ವನ ಕಾಲು. ಹುಳ ಆಗಲೇ ನೀರಿಗೆ ಮರಿ ಬಿಡುತ್ತದೆ, ಕುಡಿದವರ ಮೈಯಲ್ಲಿ ಬೆಳೆದು ಮರುವರ್ಷ ಹೊರಡುತ್ತದೆ ಎಂದು ನೀವು ಬಿಡಿಸಿ ಹೇಳಿದಿರಿ.

"ಮೆಟ್ಟಿಲ ಮುಚ್ಚಿ ಹಗ್ಗದಿಂದ ಸೇದ್ರಿ ಆಚಾರ್ರೇ," ಎಂದು ಗುಡಿಯ ಅರ್ಚಕರಾದ ನನ್ನ ಅಪ್ಪನಿಗೆ ಕೈಮುಗಿದಿರಿ.

"ಮಡಿಯಾಗಿದ್ದವ್ರ ಕಾಲು ಹೊಲಸಂತೀರೇನ್ರಿ?" ಅಪ್ಪ ಊರವರ ಸಹಿ ಹಾಕಿಸಿ ನಿಮ್ಮ ಮೇಲೆ ಮೇಲಿನವರಿಗೆ ಅರ್ಜಿ ಬರೆದರು.

ಇಲಾಖೆಯಿಂದ ವಿಚಾರಣೆಗೆ ಬಂದ ಸಾಹೇಬರು ಪುಸ್ತಕ ತಿರುವಿ ಕಪ್ಪೆಯ ಚಿತ್ರಕ್ಕೆ ಬೆರಳಿಟ್ಟರು. "ಕಿತಾಬಿನ್ಯಾಗ ಮೇಂಡಕ್ ಅದ ಮಾಸ್ತರ್. ಬಾವಿ ಎಲ್ಲದ?"

"ಮೇಂಡಕ್ ಬಾವ್ಯಾಗೇ ಇರ್ತದಲ್ರಿ ಸಾಹೇಬ್ರ."

ನಾವು ನಕ್ಕೆವು. ಸಾಹೇಬರು ನಗಲಿಲ್ಲ. ಕಾಲಿನ ಮಾತು ಹುಡುಗರು ಕಂಡದ್ದೋ, ಮಾಸ್ತರು ಹೇಳಿಕೊಟ್ಟದ್ದೋ ಎಂದು ಕೇಳಿದರು. ಎದುರಿಗೆ ಅಪ್ಪ ಕೂತಿದ್ದರು. ನಾನು ಬಾಯಿ ತೆರೆದಿದ್ದರೆ... ವಾರದಲ್ಲಿ ನಿಮ್ಮನ್ನು ಚಿಂಚೋಳಿಗೆ ಎತ್ತಂಗಡಿ ಮಾಡಿದರು. ಒಂದು ಊರಿನ ಕಾಲು ಉಳಿಸಹೊರಟವರಿಗೆ ಇದು ಶಿಕ್ಷೆಯೇ?

ಈಗ ಅದೇ ಶಾಲೆಯಲ್ಲಿ ಆ ಪಾಠ ನನ್ನದು. ಮೊನ್ನೆ ನಿಮ್ಮ ಸಂತಾಪ ಸಭೆಯಲ್ಲಿ, ಅರ್ಜಿಗೆ ಸಹಿ ಹಾಕಿದವರೇ ಮುಂದಿನ ಸಾಲಿನಲ್ಲಿ ಕೂತು ನಿಮ್ಮನ್ನು ಹೊಗಳಿದರು. ನಾನೆದ್ದು, "ಆ ಕಾಲಿನ ಮಾತನ್ನ ಮಾಸ್ತರು ಹೇಳಿಕೊಟ್ಟಿದ್ದಿಲ್ಲ. ನಾನೇ ಕಂಡೆ," ಎಂದೆ. ಅಪ್ಪ ಎದ್ದು ಹೋದರು.

ಬಾವಿ ಇನ್ನೂ ಹಾಗೇ ಇದೆ. ನಾಳೆ ಮುಂಜಾನೆಯಿಂದ ನಾನೂ ನನ್ನ ವಿದ್ಯಾರ್ಥಿಗಳೂ ಹಗ್ಗ, ಕೊಡ ಹಿಡಿದು ಮೇಲಿನ ಮೆಟ್ಟಿಲಿಗೆ ಅಡ್ಡ ಕೂಡುತ್ತೇವೆ. ಕೇಳಿದವರಿಗೆ ನಾವೇ ಸೇದಿ ಕೊಡುತ್ತೇವೆ. ಇಳಿಯಲೇಬೇಕೆನ್ನುವವರು ನಮ್ಮನ್ನು ತುಳಿದು ಇಳಿಯಲಿ. ದೇವರ ನೀರಿಗೆಂದು ದಿನಾ ಮೊದಲು ಬರುವವರು ಅಪ್ಪನೇ.